ಪಾಡ್‌ಕಾಸ್ಟ್ ಅಕ್ಷರ ರೂಪ | ಸ್ಟಾರ್ಮ್‌ಟ್ರೂಪರ್ ವೇಷ ಕಟ್ಟೋದು ಹೇಗೆ? ಕವಚದ ಒಳಗಿರೋರಿಗೆ ಉಸಿರು, ಹೊರಗಿರೋರಿಗೆ ಧೈರ್ಯ

ಇವತ್ತಿನ ಸಂಚಿಕೆಯನ್ನ ಒಂದು ಘಟನೆಯಿಂದ ಶುರು ಮಾಡ್ತೀನಿ.

2020ರ ಮೇ 4. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಲೆತ್‌ಬ್ರಿಡ್ಜ್ ಅನ್ನೋ ಊರು. ಮೇ 4 ಅಂದ್ರೆ ಪ್ರಪಂಚದ ತುಂಬಾ ಇರೋ ಸ್ಟಾರ್ ವಾರ್ಸ್ ಅಭಿಮಾನಿಗಳಿಗೆ ಹಬ್ಬದ ದಿನ. ಅಲ್ಲಿನ ಒಂದು ರೆಸ್ಟೋರೆಂಟ್‌ನಲ್ಲಿ ಕೆಲಸ ಮಾಡೋ ಯುವತಿಯೊಬ್ಬರು ಸ್ಟಾರ್ಮ್‌ಟ್ರೂಪರ್ ವೇಷ ಹಾಕ್ಕೊಂಡು ಬಾಗಿಲ ಹೊರಗೆ ನಿಂತಿದ್ರು. ಸ್ಟಾರ್ಮ್‌ಟ್ರೂಪರ್ ಗೊತ್ತಲ್ವಾ? ತಲೆಯಿಂದ ಕಾಲಿನವರೆಗೆ ಬಿಳಿ ಕವಚ, ಮುಖ ಮುಚ್ಚುವ ಹೆಲ್ಮೆಟ್, ಕೈಯಲ್ಲಿ ಕಪ್ಪು ಗನ್. ಆ ಗನ್ ಪ್ಲಾಸ್ಟಿಕ್ಕಿಂದು. ಆದ್ರೆ ದೂರದಿಂದ ನೋಡಿದವರು ಪೊಲೀಸರಿಗೆ ಫೋನ್ ಮಾಡಿದ್ರು. ಪೊಲೀಸರು ಬಂದೂಕು ಗುರಿ ಇಟ್ಟುಕೊಂಡೇ ಬಂದ್ರು. ಯುವತಿಯನ್ನ ನೆಲಕ್ಕೆ ಮಲಗಿಸಿದ್ರು. ಮೂಗಿಂದ ರಕ್ತ ಬಂತು.

ಪೊಲೀಸರು ಮಾಡಿದ್ದು ಸರೀನಾ ಅನ್ನೋ ಚರ್ಚೆ ಆಮೇಲೆ ಬಹಳ ನಡೀತು. ಇವತ್ತು ನಾವು ಅದನ್ನ ಬಿಟ್ಟು ಇನ್ನೊಂದು ವಿಷಯ ನೋಡೋಣ. ಇಂಥ ಕವಚ ತೊಟ್ಟವರಿಗೆ 'ಮಂಡಿಯೂರು' ಅಂತ ಯಾರಾದ್ರೂ ಕೂಗಿದ್ರೆ, ತಕ್ಷಣ ಊರೋಕೆ ಆಗಲ್ಲ. ಹೆಲ್ಮೆಟ್ ಒಳಗೆ ಮಾತು ಸರಿಯಾಗಿ ಕೇಳ್ಸಲ್ಲ. ಪಕ್ಕದಲ್ಲಿ ಏನಾಗ್ತಿದೆ ಅನ್ನೋದು ಕಾಣಲ್ಲ. ಅದೇ ಹೊತ್ತಿಗೆ, ಹೊರಗೆ ನಿಂತವರಿಗೆ ಆ ಗನ್ ಆಟಿಕೆಯೋ ನಿಜದ್ದೋ ಅಂತ ಹೇಳೋಕೆ ದಾರಿ ಇಲ್ಲ.

ಸೈನ್ಸ್ ಫಿಕ್ಷನ್ ವೇಷ ಕಟ್ಟೋ ಎಲ್ಲರೂ ಮೊದಲು ಕೇಳೋ ಪ್ರಶ್ನೆ, 'ಸಿನಿಮಾದಲ್ಲಿ ಇದ್ದ ಹಾಗೇ ಕಾಣುತ್ತಾ?' ಒಳ್ಳೇ ಪ್ರಶ್ನೆನೇ. ಆದ್ರೆ ಅದಕ್ಕೂ ಮೊದಲು ಎರಡು ಪ್ರಶ್ನೆ ಇದೆ. ಒಂದು, ಒಳಗಿರೋ ಮನುಷ್ಯ ಉಸಿರಾಡಿ, ಬಾಗಿ, ನೋಡಿ, ನಡೆಯಬಹುದಾ? ಎರಡು, ಎದುರಿಗೆ ಇರೋ ಮನುಷ್ಯನಿಗೆ ಇದು ಆಟ ಅಂತ ಗೊತ್ತಾಗುತ್ತಾ? ಇವತ್ತಿನ ಸಂಚಿಕೆ ಪೂರ್ತಿ ಈ ಎರಡು ಪ್ರಶ್ನೆಗಳ ಮೇಲೆ. ಜೊತೆಗೆ, ಮನೆಯಲ್ಲೇ ಇದನ್ನ ಕಟ್ಟೋದು ಹೇಗೆ ಅಂತಾನೂ ಹೇಳ್ತೀನಿ.

ಸಿನಿಮಾದವರು ಹೇಗೆ ಮಾಡಿದ್ರು?

ಮೊದಲ ಸ್ಟಾರ್ ವಾರ್ಸ್ ಸಿನಿಮಾ ಬಂದಿದ್ದು 1977ರಲ್ಲಿ. ನಿರ್ದೇಶಕ ಜಾರ್ಜ್ ಲ್ಯೂಕಾಸ್. ಸಿನಿಮಾ ಅಮೆರಿಕದ್ದಾದ್ರೂ ಸೆಟ್ ಹಾಕಿದ್ದು ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ. ಕವಚದ ಕಲ್ಪನೆ ಹುಟ್ಟಿದ್ದು ರಾಲ್ಫ್ ಮೆಕ್‌ವೆರಿ ಅನ್ನೋ ಕಲಾವಿದರ ಚಿತ್ರಗಳಲ್ಲಿ. ವಸ್ತ್ರವಿನ್ಯಾಸ ಜಾನ್ ಮೊಲೊ ಅವರದ್ದು. ಈ ಸಿನಿಮಾಕ್ಕೆ ಅವರಿಗೆ ಆಸ್ಕರ್ ಬಂತು. ಕವಚದ ಮೂಲ ಅಚ್ಚನ್ನ ಜೇಡಿಮಣ್ಣಿನಲ್ಲಿ ತಿದ್ದಿದವರು ಬ್ರಯಾನ್ ಮ್ಯೂರ್ ಅನ್ನೋ ಶಿಲ್ಪಿ.

ಅಚ್ಚಿನಿಂದ ಕವಚ ಹೇಗೆ ಬಂತು? ಅದಕ್ಕೆ ವ್ಯಾಕ್ಯೂಮ್ ಫಾರ್ಮಿಂಗ್ ಅಂತಾರೆ. ಪ್ಲಾಸ್ಟಿಕ್ ಹಾಳೆಯನ್ನ ಮೆತ್ತಗಾಗೋ ತನಕ ಕಾಯಿಸಿ ಅಚ್ಚಿನ ಮೇಲೆ ಹೊದಿಸ್ತಾರೆ, ಕೆಳಗಿಂದ ಗಾಳಿ ಎಳೀತಾರೆ. ಹಾಳೆ ಅಚ್ಚಿಗೆ ಅಂಟಿಕೊಂಡು, ತಣ್ಣಗಾದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತೆ. ಬಿಸ್ಕತ್ ಪ್ಯಾಕ್ ಒಳಗೆ ತೆಳ್ಳಗಿನ ಪ್ಲಾಸ್ಟಿಕ್ ಟ್ರೇ ಇರುತ್ತಲ್ಲ, ಅದು ತಯಾರಾಗೋದೂ ಹೆಚ್ಚುಕಡಿಮೆ ಹೀಗೇ. ಬೇಗ ಆಗುತ್ತೆ, ಒಂದೇ ಅಚ್ಚಿನಿಂದ ಹತ್ತಾರು ಪೀಸ್ ತೆಗೀಬಹುದು.

ಆದ್ರೆ ಗಟ್ಟಿ ಪ್ಲಾಸ್ಟಿಕ್ ಬಾಗಲ್ಲ. ಕೂರೋದು ಕಷ್ಟ. ಹೆಲ್ಮೆಟ್ಟಿನ ಕಣ್ಣಿನ ಜಾಗ ಸಣ್ಣದು. ಇದಕ್ಕೆ ಸಾಕ್ಷಿ ಸಿನಿಮಾದಲ್ಲೇ ಇದೆ. ಸ್ಟಾರ್ಮ್‌ಟ್ರೂಪರ್‌ಗಳ ಗುಂಪು ಒಂದು ಕೋಣೆಗೆ ನುಗ್ಗೋ ದೃಶ್ಯದಲ್ಲಿ ಒಬ್ಬನ ತಲೆ ಬಾಗಿಲಿನ ಮೇಲಂಚಿಗೆ ಬಡಿಯುತ್ತೆ. ಎಡಿಟಿಂಗ್‌ನಲ್ಲಿ ಅದು ಹಾಗೇ ಉಳ್ಕೊಂಡ್ತು. ಮುಂದೆ 2004ರ ಡಿವಿಡಿಯಲ್ಲಿ 'ಟಕ್' ಅಂತ ಸೌಂಡನ್ನೂ ಸೇರಿಸಿಬಿಟ್ರು! ನಾವು ನಗ್ತೀವಿ. ಆದ್ರೆ ಅದೇ ಹೆಲ್ಮೆಟ್ ಹಾಕ್ಕೊಂಡು ಮಾಲ್‌ನ ಎಸ್ಕಲೇಟರ್ ಹತ್ತೋಕೆ ಹೋದ್ರೆ ನಗು ಬರಲ್ಲ.

ಆ ಗನ್ ಎಲ್ಲಿಂದ ಬಂತು?

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಸ್ಟಾರ್ಮ್‌ಟ್ರೂಪರ್ ಹಿಡಿಯೋ ಬ್ಲಾಸ್ಟರ್‌ಗೆ ಅಭಿಮಾನಿಗಳು ಇ-11 ಅಂತಾರೆ. ಅದು ಸೊನ್ನೆಯಿಂದ ತಯಾರಿಸಿದ ಕಾಲ್ಪನಿಕ ಆಯುಧ ಅಲ್ಲ. ಬ್ರಿಟಿಷ್ ಸೇನೆ 1950ರ ದಶಕದಿಂದ ಬಳಸಿದ ಸ್ಟರ್ಲಿಂಗ್ ಅನ್ನೋ ನಿಜವಾದ ಸಬ್‌ಮೆಷಿನ್ ಗನ್. ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರ ಬಳಿ ದುಡ್ಡೂ ಕಡಿಮೆ, ಸಮಯವೂ ಕಡಿಮೆ. ಅವರು ಸ್ಟರ್ಲಿಂಗ್‌ನ ನಳಿಕೆ ಸುತ್ತ ಇರೋ ತೂತುಗಳ ಸಾಲಿಗೆ ಪ್ಲಾಸ್ಟಿಕ್ ಪಟ್ಟಿಗಳನ್ನ ಅಂಟಿಸಿದ್ರು, ಮೇಲೆ ಒಂದು ಹಳೇ ಮಿಲಿಟರಿ ದುರ್ಬೀನು ಕೂರಿಸಿದ್ರು. ಅಷ್ಟಕ್ಕೇ ಅದು ಬೇರೆ ಗ್ಯಾಲಕ್ಸಿಯ ಆಯುಧ ಆಗಿಬಿಡ್ತು. ಹಾನ್ ಸೋಲೋ ಹಿಡಿಯೋ ಪಿಸ್ತೂಲು ಜರ್ಮನಿಯ ಮೌಸರ್ ಸಿ96. ಲ್ಯೂಕ್‌ನ ಲೈಟ್‌ಸೇಬರ್ ಹಿಡಿ ಅಂದ್ರೆ ಗ್ರಾಫ್ಲೆಕ್ಸ್ ಅನ್ನೋ ಹಳೇ ಕ್ಯಾಮೆರಾದ ಫ್ಲ್ಯಾಶ್ ಹಿಡಿ.

ನಿಜವಾದ ವಸ್ತುವಿಗೆ ಚೂರು ಚೂರು ಸೇರಿಸಿ ಕಾಲ್ಪನಿಕ ಮಾಡೋ ಈ ವಿಧಾನದಿಂದಾನೇ ಆ ಸಿನಿಮಾದ ಲೋಕ ಅಷ್ಟು ನಂಬಿಕೆ ಹುಟ್ಟಿಸ್ತು. ಆದ್ರೆ ನಮಗೆ ತೊಂದರೆ ಇರೋದೂ ಅಲ್ಲೇ. ಇದೇ ಸ್ಟರ್ಲಿಂಗ್ ಗನ್ನನ್ನ ಭಾರತದಲ್ಲಿ ಪರವಾನಗಿ ಪಡೆದು ಕಾನ್ಪುರದ ಸಣ್ಣ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ತಯಾರಿಸ್ತಿದ್ರು. ನಮ್ಮ ಸೇನೆ, ಪೊಲೀಸರು ದಶಕಗಳ ಕಾಲ ಹಿಡಿದ 9 ಎಂಎಂ ಕಾರ್ಬೈನ್ ಅಂದ್ರೆ ಇದೇ. ಅಂದ್ರೆ, ನೀವು ಪಕ್ಕಾ ಇ-11 ಮಾಡಿ ಕಪ್ಪು ಬಣ್ಣ ಹೊಡೆದು ರಸ್ತೆಗೆ ಇಳಿದ್ರೆ, ಡ್ಯೂಟಿಲಿರೋ ಕಾನ್‌ಸ್ಟೇಬಲ್‌ಗೆ ಅದು ಸಿನಿಮಾ ಗನ್ ಆಗಿ ಕಾಣಲ್ಲ. ಅವರಿಗೆ ಗೊತ್ತಿರೋ ಕಾರ್ಬೈನ್ ಆಗೇ ಕಾಣುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮತ್ತೆ ಇಲ್ಲಿಗೇ ಬರ್ತೀವಿ.

ಮನೆಯಲ್ಲಿ ಮಾಡೋದಾದ್ರೆ ಏನು ಬೇಕು?

ವ್ಯಾಕ್ಯೂಮ್ ಫಾರ್ಮಿಂಗ್ ಮೆಷಿನ್ ಎಲ್ಲರ ಮನೇಲಿ ಇರಲ್ಲ. ಅದಕ್ಕೇ ಇವತ್ತು ಹೊಸಬರು ಆರಿಸ್ಕೊಳ್ಳೋದು ಇವಿಎ ಫೋಮ್. ಮಕ್ಕಳ ಕೋಣೆಯಲ್ಲಿ, ಜಿಮ್‌ನಲ್ಲಿ ನೆಲಕ್ಕೆ ಹಾಸೋ, ಒಂದಕ್ಕೊಂದು ಸಿಕ್ಕಿಸೋ ಮ್ಯಾಟ್ ನೋಡಿರ್ತೀರಲ್ಲ, ಅದೇ. ಹಗುರ, ಕತ್ತರಿಸೋದು ಸುಲಭ, ಬಿದ್ರೆ ಒಡೆಯಲ್ಲ. ಎದೆ, ಬೆನ್ನು, ತೊಡೆ ಭಾಗಕ್ಕೆ 8ರಿಂದ 10 ಮಿಲಿಮೀಟರ್ ದಪ್ಪದ್ದು. ಕೈಗೆ 5 ಅಥವಾ 6 ಮಿಲಿಮೀಟರ್. ಮೇಲಿನ ಪಟ್ಟಿ, ಬಟನ್ ಥರದ ಅಲಂಕಾರಕ್ಕೆ 2 ಮಿಲಿಮೀಟರ್.

3ಡಿ ಪ್ರಿಂಟಿಂಗ್ ಮಾಡಿಸಬಹುದಾ? ಮಾಡಿಸಬಹುದು. ಹೆಲ್ಮೆಟ್ಟಿಗೆ ಅದು ಚೆನ್ನಾಗಿರುತ್ತೆ. ಆದ್ರೆ ಒಂದು ಎಚ್ಚರ. ಸಾಮಾನ್ಯವಾಗಿ ಬಳಸೋ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗೋಕೆ ಶುರುವಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ರೆ, ವಾಪಸ್ ಬರೋ ಹೊತ್ತಿಗೆ ಹೆಲ್ಮೆಟ್ ಸೊಟ್ಟಗಾಗಿರುತ್ತೆ.

ಅಳತೆಯಲ್ಲೇ ಅರ್ಧ ಕೆಲಸ

ಮೊದಲ ಸಲ ಮಾಡೋರು ಸಾಮಾನ್ಯವಾಗಿ ತಪ್ಪೋದು ಇಲ್ಲಿ. ಹಳೇ ಟೀಶರ್ಟ್ ಹಾಕ್ಕೊಂಡು, ಅದರ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ರ್‍ಯಾಪ್ ಸುತ್ತಿಸ್ಕೊಳ್ಳಿ, ಅದರ ಮೇಲೆ ಪೇಪರ್ ಟೇಪ್. ಬಿಗಿಯಾಗಿ ಸುತ್ತಬೇಡಿ, ಉಸಿರು ಪೂರ್ತಿ ಎಳ್ಕೊಳ್ಳೋಕೆ ಜಾಗ ಇರಲಿ. ಕುತ್ತಿಗೆಗಂತೂ ಸುತ್ತಲೇಬೇಡಿ. ಈಗ ಟೇಪ್ ಮೇಲೆ ಮಾರ್ಕರ್‌ನಿಂದ ಕವಚದ ಗೆರೆ ಎಳೀರಿ. ಆಮೇಲೆ ಗೆಳೆಯರೊಬ್ಬರ ಕೈಲಿ ಹುಷಾರಾಗಿ ಕತ್ತರಿಸಿ ಬಿಚ್ಚಿಸ್ಕೊಂಡ್ರೆ, ನಿಮ್ಮ ಮೈಯದ್ದೇ ಪ್ಯಾಟರ್ನ್ ಕೈಗೆ ಸಿಗುತ್ತೆ. ಹೆಲ್ಮೆಟ್‌ನಂಥ ಕಷ್ಟದ ಆಕಾರಕ್ಕೆ ಪೆಪಕುರಾ ಅನ್ನೋ ಜಪಾನಿನ ಸಾಫ್ಟ್‌ವೇರ್ ಇದೆ. ಅದು 3ಡಿ ಮಾಡೆಲನ್ನ ಬಿಡಿಸಿ, ಕಾಗದದ ತುಂಡುಗಳಾಗಿ ಪ್ರಿಂಟ್ ಮಾಡಿಕೊಡುತ್ತೆ.

ಇನ್ನು ಒಂದು ಸಣ್ಣ ಲೆಕ್ಕ. ನಿಮ್ಮ ತೋಳಿನ ಸುತ್ತಳತೆ 30 ಸೆಂಟಿಮೀಟರ್ ಅಂತ ಇಟ್ಕೊಳ್ಳಿ. 1 ಸೆಂಟಿಮೀಟರ್ ದಪ್ಪದ ಫೋಮ್ ಸುತ್ತಬೇಕು. 30 ಸೆಂಟಿಮೀಟರ್ ಪಟ್ಟಿ ಕತ್ತರಿಸಿದ್ರೆ ಸಾಕಾ? ಸಾಕಾಗಲ್ಲ. ದಪ್ಪ ಇರೋ ವಸ್ತು ಬಾಗಿದಾಗ ಒಳಮೈ ಕುಗ್ಗುತ್ತೆ, ಹೊರಮೈ ಹಿಗ್ಗುತ್ತೆ. ಉದ್ದ ಬದಲಾಗದೆ ಇರೋದು ಮಧ್ಯದ ಪದರ ಮಾತ್ರ. ಅದಕ್ಕೆ ದಪ್ಪವನ್ನ 3.14ರಿಂದ ಗುಣಿಸಿ ಕೂಡಿಸಬೇಕು. 30ಕ್ಕೆ 3.14 ಸೇರಿಸಿದ್ರೆ ಸುಮಾರು 33. ಕೈ ಮಡಚಿದಾಗ ತೋಳು ಉಬ್ಬುತ್ತೆ, ಒಳಗೆ ಬಟ್ಟೆನೂ ಇರುತ್ತೆ, ಅದಕ್ಕೆ ಇನ್ನೊಂದು 3 ಸೆಂಟಿಮೀಟರ್. ಒಟ್ಟು 36. ಈ ಲೆಕ್ಕ ಬಿಟ್ಟವರು ಕವಚ ಹಾಕಿದ ಅರ್ಧ ಗಂಟೆಗೆ ಕೈ ಜೋಮು ಹಿಡೀತು ಅಂತಾರೆ.

ಕತ್ತರಿಸೋದು, ಕಾಯಿಸೋದು, ಅಂಟಿಸೋದು

ಕಟರ್ ಬ್ಲೇಡ್ ಹೊಸದಾಗಿರಲಿ. ಮೊಂಡು ಬ್ಲೇಡ್ ಫೋಮನ್ನ ಕತ್ತರಿಸಲ್ಲ, ಹರಿಯುತ್ತೆ. ನೀವು ಜೋರು ಹಾಕ್ತೀರಿ, ಅದು ಜಾರಿ ಕೈಗೆ ಬರುತ್ತೆ. ಎರಡು ತುಂಡು ಮೂಲೆಯಲ್ಲಿ ಸೇರೋ ಕಡೆ ಅಂಚನ್ನ 45 ಡಿಗ್ರಿ ಓರೆಯಾಗಿ ಕತ್ತರಿಸಿದ್ರೆ ಚೂಪಾದ ಮೂಲೆ ಬರುತ್ತೆ.

ಆಕಾರ ಕೊಡೋಕೆ ಹೀಟ್ ಗನ್. ಫೋಮ್ ಮೇಲೆ ಬಿಸಿ ಗಾಳಿ ಆಡಿಸ್ತಾ ಇದ್ರೆ ಮೇಲ್ಮೈ ಸ್ವಲ್ಪ ಹೊಳಪು ಬಿಡುತ್ತೆ. ಅದೇ ಸೂಚನೆ. ತಕ್ಷಣ ಬಾಗಿಸಿ, ತಣ್ಣಗಾಗೋವರೆಗೆ ಹಿಡ್ಕೊಳ್ಳಿ. ಆಕಾರ ನಿಲ್ಲುತ್ತೆ. ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಹಿಡಿದ್ರೆ ಗುಳ್ಳೆ ಏಳುತ್ತೆ, ಸುಡುತ್ತೆ.

ಅಂಟಿಗೆ ಚಪ್ಪಲಿ ರಿಪೇರಿಯವರು ಬಳಸೋ ಹಳದಿ ರಬ್ಬರ್ ಗಮ್ ಥರದ್ದು ಬೇಕು. ಎರಡೂ ಅಂಚಿಗೆ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಮುಟ್ಟಿದ್ರೆ ಬೆರಳಿಗೆ ಅಂಟದ ಹಾಗಾದ ಮೇಲೆ ಒತ್ತಬೇಕು. ಒಮ್ಮೆ ಸೇರಿದ್ರೆ ಮತ್ತೆ ಸರಿಸೋಕೆ ಆಗಲ್ಲ.

ಈಗ ಸ್ವಲ್ಪ ಗಂಭೀರವಾಗಿ ಕೇಳಿ. ಈ ಗಮ್‌ನಿಂದ ಬರೋ ಆವಿ ತಲೆ ಸುತ್ತಿಸುತ್ತೆ, ಜೊತೆಗೆ ಬೇಗ ಬೆಂಕಿ ಹತ್ಕೊಳ್ಳುತ್ತೆ. ಬಾಗಿಲು ಹಾಕಿದ ಪಿಜಿ ರೂಮಲ್ಲಿ ಈ ಕೆಲಸ ಮಾಡಬೇಡಿ. ಟೆರೇಸು, ಬಾಲ್ಕನಿ, ಗಾಳಿ ಆಡೋ ಜಾಗಕ್ಕೆ ಹೋಗಿ. ಹಸಿ ಗಮ್ ಇರೋ ಕಡೆ ಹೀಟ್ ಗನ್ ಹಚ್ಚಬೇಡಿ. ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಕೋವಿಡ್ ಕಾಲದ ಎನ್95 ಮಾಸ್ಕ್ ಇದೆಯಲ್ಲ, ಸಾಕು ಅಂತಾರೆ. ಫೋಮ್ ಉಜ್ಜಿದಾಗ ಬರೋ ಧೂಳಿಗೆ ಅದು ಸರಿ. ಗಮ್ ಮತ್ತು ಸ್ಪ್ರೇ ಪೇಂಟಿನ ಆವಿಯನ್ನ ಅದು ತಡೆಯಲ್ಲ. ಅದಕ್ಕೆ ಬೇಕಿರೋದು ಆವಿ ಹೀರೋ ಇದ್ದಿಲಿನ ಕಾರ್ಟ್ರಿಜ್ ಇರೋ ರೆಸ್ಪಿರೇಟರ್.

ಬಣ್ಣಕ್ಕೆ ಮುಂಚೆ ಫೋಮ್‌ನ ರಂಧ್ರ ಮುಚ್ಚಬೇಕು, ಇಲ್ಲಾಂದ್ರೆ ಬಣ್ಣ ಪೂರ್ತಿ ಹೀರ್ಕೊಳ್ಳುತ್ತೆ. ಮರಕ್ಕೆ ಹಚ್ಚೋ ಬಿಳಿ ಅಂಟನ್ನ ನೀರು ಬೆರೆಸಿ ನಾಲ್ಕೈದು ಕೋಟ್ ಹಚ್ಚಿ, ಪ್ರತಿ ಕೋಟ್ ಒಣಗಲಿ. ಆಮೇಲೆ ಬಿಳಿ ಅಕ್ರಿಲಿಕ್, ಕೊನೆಗೆ ಹೊಳಪಿನ ಕೋಟ್.

ಕವಚ ಹಾಕ್ಕೊಂಡು ನಡೆಯೋದು

ಇಲ್ಲಿ ನಮ್ಮ ಯಕ್ಷಗಾನದವರಿಂದ ಕಲಿಯೋದಿದೆ. ಕಿರೀಟ, ಭುಜಕೀರ್ತಿ, ಎದೆಪದಕ ನೋಡೋಕೆ ಬಂಗಾರದ ಹಾಗೆ ಭಾರವಾಗಿ ಕಾಣುತ್ತೆ. ಆದ್ರೆ ಒಳಗಿರೋದು ಹಗುರ ಮರ. ಯಾಕಂದ್ರೆ ವೇಷಧಾರಿ ಅದನ್ನ ಕಟ್ಕೊಂಡು ರಾತ್ರಿಯೆಲ್ಲಾ ಕುಣೀಬೇಕು. ಜೊತೆಗೆ, ಅಲ್ಲಿ ಆಭರಣಗಳು ಒಂದೇ ಚಿಪ್ಪಲ್ಲ. ಬಿಡಿ ಬಿಡಿ ತುಂಡುಗಳನ್ನ ಹಗ್ಗದಲ್ಲಿ ಮೈಗೆ ಕಟ್ಟಿರ್ತಾರೆ.

ಸ್ಟಾರ್ಮ್‌ಟ್ರೂಪರ್ ಕವಚವನ್ನೂ ಹಾಗೇ ಯೋಚಿಸಿ. ಒಳಗೆ ಮೈಗೆ ಅಂಟೋ ಕಪ್ಪು ಬಟ್ಟೆ. ಅದರ ಮೇಲೆ ಬಿಡಿ ತುಂಡುಗಳು, ನಡುವೆ ಎಲಾಸ್ಟಿಕ್, ವೆಲ್ಕ್ರೋ, ಸ್ಕೂಲ್ ಬ್ಯಾಗಿನ ಥರದ ಬಕಲ್. ಮೊಣಕೈ, ಮಂಡಿ, ಸೊಂಟ, ಕಂಕುಳು, ಈ ನಾಲ್ಕು ಕಡೆ ಗಟ್ಟಿ ತುಂಡುಗಳು ಒಂದಕ್ಕೊಂದು ತಾಗದ ಹಾಗೆ ಸಂದು ಬಿಡಿ. ಆ ಸಂದಿನಲ್ಲಿ ಕಪ್ಪು ಬಟ್ಟೆ ಕಾಣೋದು ದೋಷ ಅಲ್ಲ, ಸಿನಿಮಾದಲ್ಲೂ ಹಾಗೇ ಇದೆ.

ಬಣ್ಣ ಹೊಡೆಯೋಕೆ ಮುಂಚೆ ಈ ಐದು ಪರೀಕ್ಷೆ ಮಾಡಿ. ಕುರ್ಚಿ ಮೇಲೆ ಕೂತು ಏಳಿ. ಒಂದು ಮಹಡಿ ಮೆಟ್ಟಿಲು ಹತ್ತಿ ಇಳೀರಿ. ನೆಲದ ಮೇಲಿನ ಮೊಬೈಲ್ ಎತ್ಕೊಳ್ಳಿ. ಎರಡೂ ಕೈ ತಲೆ ಮೇಲೆ ಎತ್ತಿ. ಕೊನೆಯದು ಎಲ್ಲಕ್ಕಿಂತ ಮುಖ್ಯ: ಯಾರ ಸಹಾಯವೂ ಇಲ್ಲದೆ ಐದು ಸೆಕೆಂಡಲ್ಲಿ ಹೆಲ್ಮೆಟ್ ತೆಗೀರಿ. ಒಂದರಲ್ಲಿ ಫೇಲ್ ಆದ್ರೂ ಕಟರ್ ಕೈಗೆ ತಗೊಳ್ಳಿ.

ಸೆಖೆ ವಿಷಯ ಬೇರೆ. ಬೆವರು ಆರಿದಾಗ ತಾನೇ ಮೈ ತಂಪಾಗೋದು? ಫೋಮ್ ಬೆವರನ್ನ ಆರೋಕೆ ಬಿಡಲ್ಲ. ಹೆಲ್ಮೆಟ್ ಒಳಗೆ ಪವರ್ ಬ್ಯಾಂಕ್‌ಗೆ ಸಿಕ್ಕಿಸಿದ 5 ವೋಲ್ಟಿನ ಒಂದೆರಡು ಪುಟ್ಟ ಫ್ಯಾನ್ ಇಡಿ. ಒಂದು ಗಾಳಿ ಒಳಗೆ ಎಳೀಲಿ, ಇನ್ನೊಂದು ಹೊರಗೆ ತಳ್ಳಲಿ. ಆಗಾಗ ಹೆಲ್ಮೆಟ್ ತೆಗೆದು ನೀರು ಕುಡೀರಿ. ಜೊತೆಗೆ ಒಬ್ಬರು ಗೆಳೆಯರು ಇರಲೇಬೇಕು. ವೇಷ ಹಾಕದೆ, ನಿಮ್ಮ ಕಣ್ಣು ಕಿವಿಯಾಗಿ ಪಕ್ಕದಲ್ಲಿ ನಡೆಯೋಕೆ. ತಲೆ ಸುತ್ತಿದ್ರೆ, ವಾಂತಿ ಬರೋ ಹಾಗಾದ್ರೆ ಫೋಟೋ ಬಿಟ್ಟು ಮೊದಲು ಕವಚ ಬಿಚ್ಚಿ.

ಗನ್: ಆಟಿಕೆ ಅಂತ ಕಾಣೋ ಹಾಗೆ

ಈಗ ಎರಡನೇ ಪ್ರಶ್ನೆ. ಮಡಚಿದ ಸ್ಟರ್ಲಿಂಗ್ ಗನ್ ಸುಮಾರು 48 ಸೆಂಟಿಮೀಟರ್ ಉದ್ದ. ನೀವು ಮಾಡೋ ಪ್ರಾಪ್‌ಗೆ ಸುಮಾರು ಒಂದೂವರೆ ಇಂಚಿನ ಪಿವಿಸಿ ಪೈಪ್ ಸಾಕು. ಸಾಲಾಗಿ ತೂತು ಗುರುತು ಮಾಡಿ ಡ್ರಿಲ್ ಮಾಡಿ, ಹಿಡಿ ಮತ್ತು ದುರ್ಬೀನು ಫೋಮ್‌ನಲ್ಲಿ ಕತ್ತರಿಸಿ, ಎಡಗಡೆಗೆ ಗಿಡ್ಡ ಮ್ಯಾಗಜೀನ್ ಅಂಟಿಸಿ. ಲೋಹ ಬೇಡ. ಸ್ಪ್ರಿಂಗ್, ಟ್ರಿಗರ್, ಏನನ್ನಾದ್ರೂ ಹಾರಿಸೋ ವ್ಯವಸ್ಥೆ ಯಾವುದೂ ಬೇಡ. ಒಳಗೆ ಏನೂ ಇಲ್ಲ ಅನ್ನೋದೇ ಒಳ್ಳೇ ಪ್ರಾಪ್‌ನ ಗುಣ.

ಮುಂದಿನ ತುದಿಗೆ ಗಾಢ ಕಿತ್ತಳೆ ಬಣ್ಣ ಹಚ್ಚಿ. ಅಮೆರಿಕದಲ್ಲಿ ಆಟಿಕೆ ಗನ್ನುಗಳಿಗೆ ಇಂಥ ಗುರುತು ಇರಲೇಬೇಕು ಅಂತ 1988ರಲ್ಲೇ ಕಾನೂನು ಬಂತು. ಸಿನಿಮಾ, ನಾಟಕಗಳಿಗೆ ವಿನಾಯಿತಿ ಇದೆ. ಕಿತ್ತಳೆ ತುದಿ ಇದ್ರೆ ಫೋಟೋ ಹಾಳಾಗುತ್ತೆ ಅನ್ನೋರಿಗೆ ಒಂದು ಉಪಾಯ: ತುದಿಗೆ ಸಿಕ್ಕಿಸಿ ತೆಗೆಯೋ ಕಿತ್ತಳೆ ಕ್ಯಾಪ್ ಮಾಡ್ಕೊಳ್ಳಿ. ಕಾರ್ಯಕ್ರಮದ ಒಳಗೆ, ಫೋಟೋಗೆ ನಿಂತಾಗ ಮಾತ್ರ ತೆಗೀರಿ. ಆದ್ರೆ ಬಣ್ಣ ಒಂದನ್ನೇ ನಂಬ್ಕೊಂಡು ಕೂರಬೇಡಿ. ಸಂಜೆ ಬೆಳಕಲ್ಲಿ, ಐವತ್ತು ಅಡಿ ದೂರದಿಂದ, ಗಾಬರಿಯಾದ ಕಣ್ಣಿಗೆ ಆ ತುದಿ ಕಾಣದೇ ಇರಬಹುದು.

ಹಾಗಾಗಿ ನಡವಳಿಕೆಯೇ ಮುಖ್ಯ. ಬಸ್ಸು, ಮೆಟ್ರೋ, ಬೈಕಲ್ಲಿ ಹೋಗುವಾಗ ಪ್ರಾಪ್ ಮುಚ್ಚಿದ ಬ್ಯಾಗ್ ಒಳಗಿರಲಿ, ಸಾಧ್ಯ ಆದ್ರೆ ಎರಡು ಮೂರು ತುಂಡಾಗಿ ಬಿಚ್ಚೋ ಹಾಗೆ ಮಾಡಿ. ಮೆಟ್ರೋ ಸ್ಕ್ಯಾನರ್ ಮುಂದೆ ನಿಂತಾಗ ಅವರು ಕೇಳೋಕೆ ಮುಂಚೆ ನೀವೇ ಹೇಳಿ, ತೋರಿಸಿ. ಬೇಡ ಅಂದ್ರೆ ವಾದ ಬೇಡ, ಆಟೋ ಹಿಡೀರಿ. ಕಾಮಿಕ್ ಕಾನ್‌ನಂಥ ಕಡೆಗೆ ಹೋಗೋ ಮುಂಚೆ ಆ ವರ್ಷದ ಪ್ರಾಪ್ ನಿಯಮ ಓದಿ. ರಸ್ತೆಯಲ್ಲಿ ರೀಲ್ಸ್ ಮಾಡೋಕೆ ಅಪರಿಚಿತರ ಕಡೆ ಗುರಿ ಇಡೋದು ಬೇಡವೇ ಬೇಡ. ಪೊಲೀಸರು ಕೂಗಿದ್ರೆ, ಮೊದಲು ಗನ್ ನೆಲಕ್ಕೆ ಬಿಡಿ, ಕೈ ಮೇಲೆತ್ತಿ, ಆಮೇಲೆ ಮಾತು. 'ಸರ್, ಇದು ಡಮ್ಮಿ' ಅಂತ ತೋರಿಸೋಕೆ ಅದನ್ನ ಎತ್ತಬೇಡಿ.

ಇನ್ನೊಂದು ವಿಷಯ ಗೊತ್ತಿರಲಿ. ನಮ್ಮ 1959ರ ಆಯುಧ ಕಾಯ್ದೆಯ ಸೆಕ್ಷನ್ 28 ನಕಲಿ ಬಂದೂಕಿನ ಬಗ್ಗೆಯೂ ಮಾತಾಡುತ್ತೆ. ಕಾನೂನುಬದ್ಧ ಬಂಧನ ತಪ್ಪಿಸೋಕೆ ಅದನ್ನ ಬಳಸಿದ್ರೆ ಏಳು ವರ್ಷದವರೆಗೆ ಜೈಲು ಆಗಬಹುದು. ಗನ್ ಡಮ್ಮಿ ಆಗಿತ್ತು ಅನ್ನೋದು ಅಲ್ಲಿ ನೆಪ ಆಗಲ್ಲ.

ಮಾಡಿ ಮಾರಬಹುದಾ?

ಚೆನ್ನಾಗಿ ಮಾಡೋಕೆ ಬಂದ್ಮೇಲೆ ಎಲ್ಲರಿಗೂ ಬರೋ ಯೋಚನೆ ಇದು. ಇದರ ಮೇಲೆ ದೊಡ್ಡ ಕೇಸೇ ನಡೆದಿದೆ. ಮೂಲ ಹೆಲ್ಮೆಟ್‌ಗಳನ್ನ ಪ್ಲಾಸ್ಟಿಕ್‌ನಲ್ಲಿ ತಯಾರಿಸಿಕೊಟ್ಟ ಆಂಡ್ರ್ಯೂ ಐನ್ಸ್‌ವರ್ತ್, 2004ರಲ್ಲಿ ಅದರ ಪ್ರತಿಗಳನ್ನ ಮಾರೋಕೆ ಶುರು ಮಾಡಿದ್ರು. ಲ್ಯೂಕಾಸ್‌ಫಿಲ್ಮ್ ಕೋರ್ಟಿಗೆ ಹೋಯ್ತು. ಹೆಲ್ಮೆಟ್ ಅನ್ನೋದು ಶಿಲ್ಪವೋ, ಬಳಕೆಯ ವಸ್ತುವೋ? ಶಿಲ್ಪ ಆದ್ರೆ ದೀರ್ಘಕಾಲದ ಕಾಪಿರೈಟ್, ಇಲ್ಲಾಂದ್ರೆ ಕಡಿಮೆ ಅವಧಿಯ ರಕ್ಷಣೆ. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅದು ಶಿಲ್ಪ ಅಲ್ಲ, ಸಿನಿಮಾ ತಯಾರಿಕೆಯಲ್ಲಿ ಬಳಸಿದ ಉಪಯೋಗದ ವಸ್ತು ಅಂತ ಹೇಳ್ತು. ಆದ್ರೆ ಅಮೆರಿಕದ ಕಾಪಿರೈಟ್ ವಿಷಯದಲ್ಲಿ ಅವರ ಮೇಲಿನ ದಾವೆಯನ್ನ ಬ್ರಿಟನ್ನಿನಲ್ಲೇ ನಡೆಸಬಹುದು ಅಂತಾನೂ ಹೇಳ್ತು. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯ ಆಗಲ್ಲ. ನಿಮಗಾಗಿ ಒಂದು ಕಟ್ಟಿಕೊಳ್ಳೋದು ಬೇರೆ, ಅಂಗಡಿ ತೆರೆಯೋದು ಬೇರೆ. ಮಾರೋ ಯೋಚನೆ ಇದ್ರೆ ಮೊದಲು ವಕೀಲರನ್ನ ಕೇಳಿ.

ಇಷ್ಟೆಲ್ಲಾ ಯಾಕೆ?

ಕೊನೆಗೆ ಒಂದು ಮಾತು. 1997ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಆಲ್ಬಿನ್ ಜಾನ್ಸನ್ ಅನ್ನೋರು ಸ್ಟಾರ್ಮ್‌ಟ್ರೂಪರ್ ವೇಷ ಕಟ್ಟೋರ ಒಂದು ಗುಂಪು ಶುರು ಮಾಡಿದ್ರು. ಹೆಸರು 501ನೇ ಲೀಜನ್. ಇವತ್ತು ಅದು ಹಲವು ದೇಶಗಳಿಗೆ ಹರಡಿದೆ. ಸೇರಬೇಕಂದ್ರೆ 18 ತುಂಬಿರಬೇಕು, ಕವಚ ಸಿನಿಮಾದ ಅಳತೆಗೋಲಿಗೆ ಹೊಂದಬೇಕು. ಇವರು ಸಂಬಳ ಇಲ್ಲದೆ ಮಕ್ಕಳ ಆಸ್ಪತ್ರೆಗಳಿಗೆ ಹೋಗ್ತಾರೆ, ದೇಣಿಗೆ ಎತ್ತೋ ಕಾರ್ಯಕ್ರಮಗಳಲ್ಲಿ ನಿಲ್ತಾರೆ. ಸಿನಿಮಾದಲ್ಲಿ ಜನರನ್ನ ಹೆದರಿಸೋ ಖಳರ ವೇಷ ಅದು. ಹಾಸಿಗೆ ಮೇಲಿರೋ ಮಗುವಿನ ಮುಂದೆ ಬಂದಾಗ ಅದೇ ವೇಷ ನಗು ತರಿಸುತ್ತೆ.

ಎರಡೂ ಕಡೆ ಕವಚ ಒಂದೇ, ಗನ್ ಒಂದೇ. ಲೆತ್‌ಬ್ರಿಡ್ಜ್‌ನ ಬೀದಿಯಲ್ಲಿ ದೂರದಿಂದ ನೋಡಿದವರಿಗೆ ಇದು ಆಟ ಅನ್ನೋದು ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಗೊತ್ತಿತ್ತು. ಆ ಗೊತ್ತು ಮಾಡಿಸೋ ಜವಾಬ್ದಾರಿ ವೇಷ ಕಟ್ಟೋರದ್ದು. ಹೊಳಪಿನ ಕೋಟ್ ಹೊಡೆಯೋಕೆ ಕೊಡೋ ಸಮಯದಲ್ಲಿ ಸ್ವಲ್ಪವನ್ನ ಇದಕ್ಕೂ ಕೊಡಿ.

ನೀವು ಕಟ್ಟಿದ ಮೊದಲ ವೇಷ ಯಾವುದು, ಐದು ಪರೀಕ್ಷೆಯಲ್ಲಿ ಎಷ್ಟು ಪಾಸಾಯ್ತು, ನಮಗೆ ವಾಯ್ಸ್ ನೋಟ್ ಕಳಿಸಿ. ಇವತ್ತಿನ ಸಂಚಿಕೆ ಇಷ್ಟ ಆಗಿದ್ರೆ ವೇಷದ ಹುಚ್ಚಿರೋ ಒಬ್ಬ ಗೆಳೆಯರಿಗೆ ಫಾರ್ವರ್ಡ್ ಮಾಡಿ.